ಡಂಗೂರ ಯಾರ ಕಿವಿಗೆ ಬಿತ್ತು?

ಬಹಳ ದಿನಗಳಿಂದ ಈ ಕಡೆ ಏನೂ ಬರೆದಿರಲಿಲ್ಲ. ಕೆಲಸದ ಒತ್ತಡ ಅಂದರೆ ಅರ್ಧ ಸುಳ್ಳು, ಸೋಮಾರಿತನ ಅಂದರೆ ಪೂರ್ತಿ ನಿಜ. ಹೋದ ತಿಂಗಳು ಊರಿಗೆ ಹೋಗಿದ್ದೆ. ಊರು ಅಂದರೆ ಬದನಗುಪ್ಪೆ. ಮೈಸೂರಿನಿಂದ ಚಾಮರಾಜನಗರದ ರೈಲು ಹತ್ತಿದವರು ನಂಜನಗೂಡು, ಕವಲಂದೆ ದಾಟಿದ ಮೇಲೆ ಕಿಟಕಿಯಲ್ಲಿ ಒಂದು ಸಣ್ಣ ಸ್ಟೇಷನ್ನಿನ ಹಳದಿ ಬೋರ್ಡು ನೋಡಿರಬಹುದು. ನೋಡಿ ಮರೆತಿರಲೂಬಹುದು, ತಪ್ಪೇನಿಲ್ಲ. ಮಳೆ ನಿಂತ ಬೆಳಿಗ್ಗೆ ಊರಾಚೆ ನಿಂತು ಪೂರ್ವಕ್ಕೆ ನೋಡಿದರೆ ಬಿಳಿಗಿರಿರಂಗನ ಬೆಟ್ಟದ ಸಾಲು ನೀಲಿ ಗೆರೆ ಎಳೆದ ಹಾಗೆ ಕಾಣುತ್ತೆ.

ನನ್ನ ಸೋದರಮಾವ ಕಂದಾಯ ಇಲಾಖೆಯಲ್ಲಿದ್ದು ರಿಟೈರ್ ಆದವರು. ಅವರ ಹತ್ತಿರ ಮಾತಾಡ್ತಾ ಕೂತಿದ್ದಾಗ ಒಂದು ಹಳೇ ಸಂಗತಿ ಬಂತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾವುದೋ ಕಾಡಂಚಿನ ಹಳ್ಳಿಗಳಿಗೆ ಸರ್ಕಾರಿ ಪ್ರಕಟಣೆಯ ಡಂಗೂರ ಹಾಕಿಸೋ ಕೆಲಸ ಅವರಿಗೆ ಬಿದ್ದಿತ್ತಂತೆ. (ಯಾವ ಹಳ್ಳಿ, ಯಾವ ಕಚೇರಿ ಅಂತ ನಾನು ಹೇಳೋದಿಲ್ಲ. ಅವರೂ ಹೇಳಬೇಡ ಅಂದಿದ್ದಾರೆ.) ತಮಟೆಯವನು ದೊಡ್ಡ ಊರಿನ ಅರಳಿಕಟ್ಟೆಯ ಹತ್ತಿರ ನಾಲ್ಕು ಪೆಟ್ಟು ಹೊಡೆದು, ಟೀ ಕುಡಿದು ಹೊರಟ. ಮೇಲಿನ ಪೋಡುಗಳಿಗೆ ದಾರಿ ಇರಲಿಲ್ಲ, ಆನೆ ಬೇರೆ ಇತ್ತು. ಆದರೆ ಮಹಜರಿನಲ್ಲಿ "ಸದರಿ ಗ್ರಾಮಗಳಲ್ಲಿ ಡಂಗೂರ ಸಾರಿಸಲಾಗಿದೆ, ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ" ಅಂತ ಬರೆದದ್ದು ಮಾವನೇ. ಐದಾರು ಹೆಬ್ಬೆಟ್ಟು ಬಿತ್ತು. ಹೆಬ್ಬೆಟ್ಟು ಒತ್ತಿದವರೆಲ್ಲ ಕೆಳಗಿನ ಊರಿನವರು.

ಆ "ಆಕ್ಷೇಪಣೆ ಬಂದಿರುವುದಿಲ್ಲ" ಅನ್ನೋ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅದರ ಹಿಂದೆ ಹೋಗಿ ಓದಿದ್ದು, ಕೇಳಿದ್ದು, ಯೋಚಿಸಿದ್ದು ಇಲ್ಲಿದೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೊದಲು ಪಾರ್ಕಿನ ಮಾತು. ನಮ್ಮ ಕಡೆಯ ಹಿರಿಯರಿಗೆ ಪಾರ್ಕು ಅಂದರೆ ಸಿಮೆಂಟ್ ಬೆಂಚು, ಕಾರಂಜಿ, ಕಾಗದದ ಹೂವಿನ ಗಿಡ. ಆದರೆ ನಮ್ಮ ಜಿಲ್ಲೆಯ ಅತಿ ದೊಡ್ಡ ಪಾರ್ಕಿಗೆ ಬೆಂಚೇ ಇಲ್ಲ. ಮೈಸೂರಿನ ಅರಸರು 1931ರಲ್ಲಿ ಬಂಡೀಪುರದ ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ಆಟದ ಪ್ರಾಣಿಗಳಿಗಾಗಿ ಮೀಸಲಿಟ್ಟರು. ಹತ್ತು ವರ್ಷಕ್ಕೆ, 1941ರಲ್ಲಿ, ಅದನ್ನು ಹಿಗ್ಗಿಸಿ ವೇಣುಗೋಪಾಲ ವೈಲ್ಡ್‌ಲೈಫ್ ಪಾರ್ಕ್ ಅಂತ ಹೆಸರಿಟ್ಟರು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ವೇಣುಗೋಪಾಲನ ಹೆಸರು ಅದು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ಹುಲಿ ಮೀಸಲುಗಳಲ್ಲಿ ಬಂಡೀಪುರವೂ ಒಂದು. ದೇವರ ಹೆಸರಿನ ಪಾರ್ಕು, ರಾಜರ ಶಿಕಾರಿಯ ಪಾರ್ಕು, ಆಮೇಲೆ ರಾಷ್ಟ್ರದ ಪಾರ್ಕು. ಕನ್ನಡದಲ್ಲಿ ನಾವು 'ರಾಷ್ಟ್ರೀಯ ಉದ್ಯಾನ' ಅಂತೀವಿ. ಉದ್ಯಾನ ಅಂದಮೇಲೆ ಅಲ್ಲಿ ಮನುಷ್ಯರ ಮನೆ ಇರೋದು ಹೇಗೆ ಅಂತ ಶಬ್ದವೇ ತೀರ್ಮಾನ ಮಾಡಿಬಿಡುತ್ತೆ, ಅಲ್ವಾ?

ಆದರೆ ಮನೆಗಳಿದ್ದವು. ಬಂಡೀಪುರದ ಕಡೆ ಜೇನುಕುರುಬರದು, ಸೋಲಿಗರದು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರದು. ಸೋಲಿಗರ ಬಗ್ಗೆ ನಮಗೆ ಗೊತ್ತಿರೋದು ಹಾಡು, ಕತೆ, ಜೇನು ಇಷ್ಟೇ. ಅವರ ಹುಡುಗಿ ಕುಸುಮಾಲೆಯನ್ನು ರಂಗನಾಥ ಮದುವೆಯಾದ, ಹಾಗಾಗಿ ಬೆಟ್ಟದ ಸ್ವಾಮಿಯನ್ನು ಅವರು 'ಭಾವ' ಅಂತಾರೆ. ದೇವರನ್ನೇ ನೆಂಟನ ಮಾಡಿಕೊಂಡ ಜನ. ಒಂದು ಜಾಗದಲ್ಲಿ ಕಾಡು ಕಡಿದು, ಸುಟ್ಟು, ರಾಗಿಯ ಜೊತೆ ನಾಲ್ಕಾರು ಬೆಳೆ ಬೆಳೆದು, ಕೆಲವು ವರ್ಷಕ್ಕೆ ಇನ್ನೊಂದು ಕಡೆ ಹೋಗ್ತಿದ್ದರು. ಪೋಡು ಜರುಗುತ್ತಿತ್ತು, ಆದರೆ ಎಲ್ಲೆಂದರಲ್ಲಿಗೆ ಅಲ್ಲ. ಒಂದೊಂದು ಕುಲಕ್ಕೆ ಒಂದೊಂದು 'ಯೆಲ್ಲೆ' ಇತ್ತು. ಆ ಯೆಲ್ಲೆಯೊಳಗೆ ದೇವರ ಜಾಗ, ಮಾರಮ್ಮನ ಜಾಗ, ವೀರರ ಜಾಗ, ನೀರಿನ ಕಲ್ಯಾಣಿ, ಸತ್ತವರನ್ನು ಹೂತ ಜಾಗ ಎಲ್ಲ ಇದ್ದವು. ಅಂದರೆ ಅವರ ಮನೆ ಅಂದರೆ ಗುಡಿಸಲಲ್ಲ, ಆ ಇಡೀ ಯೆಲ್ಲೆ.

ಕಂದಾಯದ ರಿಜಿಸ್ಟರಿಗೆ ಇದು ಅರ್ಥವಾಗಲಿಲ್ಲ. ಅದಕ್ಕೆ ಸರ್ವೆ ನಂಬರು, ಚಕ್ಕುಬಂದಿ, ಪಟ್ಟಾ ಬೇಕು. ಜರುಗುವ ಮನೆಗೆ ಚಕ್ಕುಬಂದಿ ಎಲ್ಲಿಂದ ತರೋದು? ಒಂದು ಕೋಲೂ ಕಿತ್ತುಹಾಕುವ ಮೊದಲೇ ಕಾಗದದ ಮೇಲೆ ಈ ಜನ ಮನೆಯಿಲ್ಲದವರಾಗಿದ್ದರು.

ತಮಾಷೆ ಅಂದರೆ (ತಮಾಷೆ ಏನು ಬಂತು) ಕೆಲಸಕ್ಕೆ ಮಾತ್ರ ಅವರು ಯಾವಾಗಲೂ ಬೇಕಾಗಿದ್ದರು. 1870ರ ದಶಕದಲ್ಲಿ ಸ್ಯಾಂಡರ್ಸನ್ ಅನ್ನೋ ಇಂಗ್ಲಿಷ್ ಅಧಿಕಾರಿ ನಮ್ಮ ಚಾಮರಾಜನಗರದ ಸೀಮೆಯಲ್ಲೇ ಮೈಸೂರಿನ ಮೊದಲ ಯಶಸ್ವಿ ಖೆಡ್ಡಾ ನಡೆಸಿದ. ಆನೆಯ ಜಾಡು ಹಿಡಿದು ಕೊಟ್ಟವರಲ್ಲಿ ಸೋಲಿಗರಿದ್ದರು. ಅವನು 1878ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಅವರ ಕಣ್ಣು-ಮೂಗಿನ ಚುರುಕನ್ನು ಹೊಗಳಿದ್ದಾನೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಮಾರಿಸ್ ಅನ್ನೋ ಬಿಳಿಯರ ಕುಟುಂಬ ಬೆಟ್ಟದ ಮೇಲೆ ಕಾಫಿ ತೋಟ ಹಾಕಿತು. ಅಲ್ಲೂ ದುಡಿದವರಲ್ಲಿ ಸೋಲಿಗರಿದ್ದರು. ತೋಟಕ್ಕೆ ಕಾಗದ ಇತ್ತು. ಕಾಡಿನ ಮಧ್ಯದ ಆ ಕಾಫಿ ಎಸ್ಟೇಟುಗಳು ಅಭಯಾರಣ್ಯ ಬಂದ ಮೇಲೂ ಉಳಿದವು, ಹುಲಿ ಮೀಸಲು ಬಂದ ಮೇಲೂ ಉಳಿದವು. ಪೋಡುಗಳು ಜರುಗೋದು ನಿಂತಿತು. ಎರಡೂ ಅದೇ ಬೆಟ್ಟದಲ್ಲಿ.

ಈಗ ಡಂಗೂರಕ್ಕೆ ಬರೋಣ. ಕಾಡನ್ನು ಮೀಸಲು ಮಾಡುವಾಗ ಜನರನ್ನು ಕೇಳಬೇಕು ಅನ್ನೋದು ಹೊಸ ವಿಚಾರ ಏನಲ್ಲ, ಬ್ರಿಟಿಷರ ಕಾಯ್ದೆಯಲ್ಲೇ ಇದೆ. 1927ರ ಭಾರತೀಯ ಅರಣ್ಯ ಕಾಯ್ದೆ ತೆಗೆದು ನೋಡಿ. ಅದರ ಮೂಲ 1878ರ ಕಾಯ್ದೆ, ಮೈಸೂರಿನದೂ ಆಮೇಲೆ ಕರ್ನಾಟಕದ್ದೂ ಸುಮಾರಾಗಿ ಇದೇ ಅಚ್ಚಿನಲ್ಲಿ ಎರಕ ಹೊಯ್ದದ್ದು. ಸರ್ಕಾರ ಈ ಕಾಡನ್ನು ಮೀಸಲು ಮಾಡ್ತೀವಿ ಅಂತ ಪ್ರಕಟಿಸಬೇಕು. ಒಬ್ಬ ಅಧಿಕಾರಿ ಸುತ್ತಲ ಊರುಗಳಲ್ಲಿ ಅಲ್ಲಿನ ಭಾಷೆಯಲ್ಲೇ ಸಾರಬೇಕು. ಕಡಿಮೆಯೆಂದರೆ ಮೂರು ತಿಂಗಳು ಗಡುವು ಕೊಡಬೇಕು. ಹಕ್ಕಿದ್ದವರು ಬಂದು ಹೇಳಬೇಕು. ಓದೋಕೆ ಎಷ್ಟು ಚೆನ್ನಾಗಿದೆ ನೋಡಿ!

ಕಚ್ಚೋದು ಮುಂದಿನ ಕಲಂಗಳು. 9ನೇ ಕಲಂ ಹೇಳೋದು: ಯಾರೂ ಬಂದು ಹೇಳದ, ಅಧಿಕಾರಿಯ ವಿಚಾರಣೆಯಲ್ಲೂ ತಿಳಿದುಬಾರದ ಹಕ್ಕು ನಶಿಸಿ ಹೋಯಿತು. ಸುಮ್ಮನಿದ್ದೆ ಅಂದರೆ ಬಿಟ್ಟುಕೊಟ್ಟೆ ಅಂತ. ಸರಿ, ಒಬ್ಬ ಸೋಲಿಗ ಹೇಗೋ ಸುದ್ದಿ ತಿಳಿದು, ಬೆಟ್ಟ ಇಳಿದು, ಕಚೇರಿ ಹುಡುಕಿ, ಗಡುವಿನೊಳಗೆ ಬಂದು "ನಾವು ಕಡಿದು ಬಿತ್ತೋ ಜಾಗ ಇದು ಬುದ್ಧಿ" ಅಂದ ಅಂತಿಟ್ಟುಕೊಳ್ಳಿ. ಅವನಿಗೆ 10ನೇ ಕಲಂ ಕಾದಿದೆ. ಕಾಡು ಕಡಿದು ಮಾಡುವ ಜರುಗು ಬೇಸಾಯ ಎಲ್ಲ ಸಂದರ್ಭದಲ್ಲೂ ಹಕ್ಕಲ್ಲ, ಅದು ಸರ್ಕಾರ ಕೊಟ್ಟ ಸವಲತ್ತು, ಸರ್ಕಾರ ಯಾವಾಗ ಬೇಕಾದರೂ ನಿಲ್ಲಿಸಬಹುದು. ಅಂದರೆ ಅವನ ಮಾತು ಕೇಳುವ ಮೊದಲೇ ತೀರ್ಪು ಬರೆದಾಗಿದೆ! ಹೊಲದವನು ಬಂದು ನನ್ನ ಹೊಲ ಅಂದರೆ ಹಕ್ಕು, ಇವನು ಬಂದು ನನ್ನ ಹೊಲ ಅಂದರೆ ಸವಲತ್ತು. ವಿಚಾರಣೆಯ ಪಕ್ಷಪಾತ ಅಂದರೆ ಅಧಿಕಾರಿ ಲಂಚ ತಿಂದ, ಸಿಟ್ಟು ಮಾಡಿದ ಅಂತ ನಾವು ಅಂದ್ಕೋತೀವಿ. ಇಲ್ಲಿ ಅಧಿಕಾರಿ ಸತ್ಯಹರಿಶ್ಚಂದ್ರನೇ ಆಗಿದ್ದರೂ ಫಲ ಬದಲಾಗುತ್ತಿರಲಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮೊದಲು ಬಂದ ರೂಪದಲ್ಲಿ ಅದರ ಕ್ರಮ ಇನ್ನೂ ವಿಚಿತ್ರ. ಅಭಯಾರಣ್ಯ ಅಂತ ಘೋಷಣೆ ಮೊದಲು, ಹಕ್ಕು ವಿಚಾರಣೆ ಆಮೇಲೆ. 1991ರ ತಿದ್ದುಪಡಿಯಾದ ಮೇಲಷ್ಟೇ "ಘೋಷಿಸುವ ಉದ್ದೇಶವಿದೆ" ಅಂತ ಮೊದಲು ಹೇಳುವ ಪದ್ಧತಿ ಬಂದದ್ದು. ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯ ಆಗಿದ್ದು 1974ರಲ್ಲಿ. ಅಂದರೆ ಊಟ ಮುಗಿದ ಮೇಲೆ ಏನು ಅಡಿಗೆ ಮಾಡಲಿ ಅಂತ ಕೇಳುವ ಕಾಲ. ಜರುಗು ಬೇಸಾಯ ನಿಂತಿತು, ಪೋಡುಗಳು ರಸ್ತೆಯ ಅಂಚಿಗೆ, ಕಾಲೋನಿಗಳಿಗೆ ಬಂದವು. ತರಗು ಬೆಂಕಿ ಹಾಕೋದೂ ನಿಂತಿತು. ಬೇಸಿಗೆಗೆ ಮುಂಚೆ ತರಗೆಲೆಗೆ ಹಾಕುವ ಸಣ್ಣ ಬೆಂಕಿ ಅದು. ಅದು ನಿಂತ ಮೇಲೆ ಲಂಟಾನ ಏರಿತು, ನೆಲ್ಲಿ ಮರಕ್ಕೆ ಉಪ್ಪಿಲು ಹತ್ತಿತು ಅಂತ ಸೋಲಿಗರು ಹೇಳ್ತಾ ಬಂದರು. ಬಹಳ ವರ್ಷ ಆದ ಮೇಲೆ ವಿಜ್ಞಾನಿಗಳು ಅದನ್ನು ಅಧ್ಯಯನ ಮಾಡಿ, ಈ ಮಾತನ್ನು ಗಂಭೀರವಾಗಿ ತಗೋಬೇಕು ಅಂತ ಲೇಖನ ಬರೆದರು. ಅವರನ್ನು ಕೇಳಿದ್ದರೆ ನ್ಯಾಯದ ಮಾತು ಹಾಗಿರಲಿ, ಕಾಡಿಗೂ ಒಂದು ಉಪಯೋಗದ ಮಾತು ಸಿಗುತ್ತಿತ್ತು ಅನ್ನಿಸುತ್ತೆ.

ನಡುವೆ ವೀರಪ್ಪನ್ ಕಾಲ. ಆಗ ಕಾಡಿನ ಜನ ಎರಡು ಬಂದೂಕಿನ ಮಧ್ಯೆ ಇದ್ದರು. ನಾಲ್ಕು ಜನ ಸೇರಿ ನಿಂತರೆ ಅನುಮಾನ. ಕಾರ್ಯಪಡೆಯ ಮೇಲಿನ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಮಾಡಿತು. 2004ರಲ್ಲಿ ವೀರಪ್ಪನ್ ಸತ್ತ. ಸಭೆ ಸೇರಿ ಮಾತಾಡುವುದಕ್ಕೂ ಒಂದು ಧೈರ್ಯ ಬೇಕು, ಅದು ಕಾಯ್ದೆಯ ಪುಸ್ತಕದಲ್ಲಿ ಸಿಗೋದಿಲ್ಲ. ಆ ಧೈರ್ಯ ಬರೋಕೆ ಡಾ. ಎಚ್. ಸುದರ್ಶನ್ 1981ರಲ್ಲಿ ಬೆಟ್ಟದಲ್ಲಿ ಶುರುಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯೂ ಒಂದು ಕಾರಣ ಅಂತ ನನಗನ್ನಿಸುತ್ತೆ. ಅಲ್ಲಿ ಓದಿದ ಮಕ್ಕಳೇ ಮುಂದೆ ಸೋಲಿಗ ಅಭಿವೃದ್ಧಿ ಸಂಘದಲ್ಲಿ ಅರ್ಜಿ ಬರೆದರು, ನಕ್ಷೆ ಹಿಡಿದರು.

ನಂತರದ ದೊಡ್ಡ ಪೆಟ್ಟು ಕಿರು ಅರಣ್ಯ ಉತ್ಪನ್ನದ್ದು. 2002ರ ತಿದ್ದುಪಡಿಯ ನಂತರ ಅಭಯಾರಣ್ಯದೊಳಗಿಂದ ಜೇನು, ನೆಲ್ಲಿ, ಸೀಗೆ, ಅಂಟುವಾಳ, ಕಲ್ಲುಹೂವು ತಂದು ಮಾರೋದಕ್ಕೆ ತಡೆ ಬಿತ್ತು. ಬೇಸಾಯ 1974ರಲ್ಲೇ ಹೋಗಿತ್ತು, ಈಗ ಇದೂ ಹೋಯಿತು. ಎಷ್ಟೋ ಜನ ಕೊಡಗಿನ ತೋಟಕ್ಕೆ, ಕೇರಳಕ್ಕೆ ಕೂಲಿಗೆ ಹೋದರು.

ಆಮೇಲೆ 2006ರ ಅರಣ್ಯ ಹಕ್ಕು ಕಾಯ್ದೆ. ಈ ಕಾಯ್ದೆಯ ಬಗ್ಗೆ ಪರ-ವಿರೋಧ ಜಗಳ ತುಂಬ ಇದೆ, ನನಗೆ ಅದರಲ್ಲಿ ಒಂದು ಸಣ್ಣ ವಿವರ ಬಹಳ ಹಿಡಿಸಿತು. ಸಭೆಯ ಅಳತೆ. ನಮ್ಮ ಪಂಚಾಯ್ತಿಯ ಗ್ರಾಮಸಭೆ ನೀವೂ ನೋಡಿರ್ತೀರಿ. ಐದಾರು ಹಳ್ಳಿ ಸೇರಿಸಿ ಒಂದು ಸಭೆ. ದೊಡ್ಡ ಊರಿನ ಸ್ಕೂಲ್ ಮುಂದೆ ಶಾಮಿಯಾನ. ಮುಂದಿನ ಕುರ್ಚಿಯಲ್ಲಿ ಯಜಮಾನರು, ಹಿಂದೆ ನಿಂತವರು ಹಿಂದೆಯೇ. ಅಲ್ಲಿ ಪೋಡಿನ ನಲವತ್ತು ಜನ ಬಂದರೂ ಅವರು ನೂರರಲ್ಲಿ ಹತ್ತು. ಅರಣ್ಯ ಹಕ್ಕು ಕಾಯ್ದೆ ಏನು ಮಾಡಿತು ಅಂದರೆ, ಹಾಡಿ ಪೋಡುಗಳೂ 'ಗ್ರಾಮ'ವೇ ಅಂತ ಒಪ್ಪಿ ಅಲ್ಲೇ ಸಭೆ ಸೇರೋಕೆ ದಾರಿ ಕೊಟ್ಟಿತು. 2008ರ ನಿಯಮಗಳಲ್ಲಿ ಮೂರರಲ್ಲಿ ಎರಡು ಭಾಗ ಜನ ಇದ್ದರೆ ಮಾತ್ರ ಸಭೆ ಅಂದರು. ಇದು ಕಷ್ಟ ಅಂತ 2012ರಲ್ಲಿ ಅರ್ಧಕ್ಕೆ ಇಳಿಸಿದರು, ಆದರೆ ಬಂದವರಲ್ಲಿ ಮೂರರಲ್ಲಿ ಒಂದು ಭಾಗ ಹೆಂಗಸರಿರಬೇಕು ಅಂತ ಸೇರಿಸಿದರು. ಇನ್ನೊಂದು, ಸಾಕ್ಷಿಯಾಗಿ ಹಿರಿಯರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡರೂ ಆಗುತ್ತೆ. ದೇವರ ಜಾಗ, ಸಮಾಧಿ, ಹಳೇ ಕಲ್ಯಾಣಿ ಇವೂ ಸಾಕ್ಷಿ. ನೂರು ವರ್ಷ ರಿಜಿಸ್ಟರಿನೊಳಗೆ ಹೋಗಲಾಗದ ಯೆಲ್ಲೆ ಈಗ ಹೋಗಬಹುದಾಗಿತ್ತು. ಸೋಲಿಗರು ಸಂಶೋಧಕರ ಜೊತೆ ಸೇರಿ ನಾನೂರಕ್ಕೂ ಹೆಚ್ಚು ಇಂಥ ಜಾಗಗಳನ್ನು ನಡೆದು ನೋಡಿ ನಕ್ಷೆಗೆ ಇಳಿಸಿದರು.

ಅಷ್ಟರಲ್ಲಿ ಜನವರಿ 2011ರಲ್ಲಿ ಬೆಟ್ಟ ಹುಲಿ ಮೀಸಲು ಅಂತ ಘೋಷಣೆಯಾಯಿತು. ಕೋರ್ ಮತ್ತು ಬಫರ್ ಸೇರಿ 574 ಚದರ ಕಿಲೋಮೀಟರಿಗೂ ಜಾಸ್ತಿ. ಆ ಹೊತ್ತಿಗೆ ಕಾನೂನಿನಲ್ಲೇ (2006ರ ತಿದ್ದುಪಡಿ) ಹುಲಿ ಆವಾಸ ಗುರುತಿಸಲು ತಜ್ಞರ ಸಮಿತಿ ಬೇಕು, ಜನರ ಹಕ್ಕು ಮೊದಲು ಇತ್ಯರ್ಥವಾಗಬೇಕು, ಸ್ಥಳಾಂತರ ಅಂದರೆ ಗ್ರಾಮಸಭೆಯ ಒಪ್ಪಿಗೆ ಬೇಕು ಅಂತೆಲ್ಲ ಇತ್ತು. ನಮ್ಮನ್ನು ಕೇಳಲಿಲ್ಲ ಅಂತ ಸೋಲಿಗರು ಪ್ರತಿಭಟನೆ ಮಾಡಿದರು. 1974ಕ್ಕೂ 2011ಕ್ಕೂ ಇರುವ ವ್ಯತ್ಯಾಸ ಇದೇ. ಆಗ ಕೇಳದಿದ್ದದ್ದು ಸುದ್ದಿಯೇ ಆಗಲಿಲ್ಲ, ಈಗ ಆಯಿತು. ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಮೀಸಲಿನ ಕೋರ್ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು ಅಂತ ಪತ್ರಿಕೆಗಳು ಬರೆದವು. ಹುಲಿಗಳ ಕತೆ ಏನಾಯ್ತು ಅಂತೀರಾ? 2010ರಲ್ಲಿ 35 ಇದ್ದದ್ದು 2014ಕ್ಕೆ 68 ಆಯಿತು ಅಂತ ವರದಿಯಾಗಿತ್ತು. ಸೋಲಿಗರಿಂದಲೇ ಹುಲಿ ಹೆಚ್ಚಿತು ಅಂತ ಇದರಿಂದ ಹೇಳೋಕೆ ಬರೋದಿಲ್ಲ, ಎಣಿಸುವ ವಿಧಾನ, ಪಕ್ಕದ ಕಾಡುಗಳು ಎಲ್ಲ ಲೆಕ್ಕಕ್ಕೆ ಬರುತ್ತವೆ. ಜನ ಇದ್ದರೆ ಹುಲಿ ಇರೋದಿಲ್ಲ ಅಂತಲೂ ಇನ್ನು ಮೇಲೆ ಅಷ್ಟು ಸಲೀಸಾಗಿ ಹೇಳೋಕೆ ಬರೋದಿಲ್ಲ ಅನ್ನೋದು ನನ್ನ ಮಾತು.

ಇಷ್ಟು ಹೊತ್ತು ಓದಿ, ಇವನು ಕಾಡು ಉಳಿಸುವವರ ವಿರೋಧಿ ಅಂದ್ಕೊಂಡಿರಬಹುದು. ಅಲ್ಲ. ಪೂರ್ವ ಘಟ್ಟಕ್ಕೂ ಪಶ್ಚಿಮ ಘಟ್ಟಕ್ಕೂ ನಡುವೆ ಕೊಂಡಿ ಹಾಕಿ ನಿಂತಿರೋ ಬೆಟ್ಟ ಅದು. ಆನೆ ನಡೆಯುವ ದಾರಿ ಮುಚ್ಚಿದರೆ ಆನೆ ನಮ್ಮ ಕಬ್ಬಿನ ಗದ್ದೆಗೇ ಬರುತ್ತೆ. ಸ್ಥಳಾಂತರ ಎಲ್ಲವೂ ಅನ್ಯಾಯ ಅಂತಲೂ ನಾನು ಹೇಳೋದಿಲ್ಲ. ಭದ್ರಾ ಅಭಯಾರಣ್ಯದಿಂದ 2002ರ ಸುಮಾರಿಗೆ ಹೊರಬಂದ ಹಳ್ಳಿಗಳಿಗೆ ನೀರಾವರಿ ಜಮೀನು, ಮನೆ ಸಿಕ್ಕಿತು. ಮುಂದಿನವರು ಅದನ್ನು ಮಾದರಿ ಅಂತ ತೋರಿಸಿದರು. ಅಲ್ಲಿ ಜನ ತಾವೇ ಕೇಳಿ, ಚೌಕಾಸಿ ಮಾಡಿ ಹೋದರು. ಹೋಗೋದಿಲ್ಲ ಅಂತ ಹೇಳುವ ಶಕ್ತಿ ಇದ್ದವನು ಹೋಗ್ತೀನಿ ಅಂದರೆ ಮಾತ್ರ ಅದು 'ಸ್ವಇಚ್ಛೆ'. ಜೇನು ಕೀಳಬೇಡ, ಬೆಂಕಿ ಹಾಕಬೇಡ, ಗೂಡೆ ಮೊರ ಹೆಣೆಯೋಕೆ ಬಿದಿರು ಕಡಿಯಬೇಡ ಅಂತ ಮೂವತ್ತು ವರ್ಷ ಕಟ್ಟಿಹಾಕಿ, ಆಮೇಲೆ ಹದಿನೈದು ಲಕ್ಷ ಕೊಡ್ತೀವಿ (2021ರಿಂದ ಮೊತ್ತ ಅಷ್ಟಾಗಿದೆ, ಮೊದಲು ಹತ್ತಿತ್ತು) ಹೋಗ್ತೀಯಾ ಅಂದರೆ, ಹೂಂ ಅಂದದ್ದನ್ನು ಏನಂತ ಬರೆದುಕೊಳ್ಳೋದು?

ನಮ್ಮ ಬಯಲು ಸೀಮೆಯವರ ಪಾಪವೂ ಸ್ವಲ್ಪ ಹೇಳಿಬಿಡ್ತೀನಿ. ಕಾಡು ಹಾಳಾಯ್ತು ಅಂದಾಗ ಬೈಗುಳ ಕಾಡಿನೊಳಗಿನವರಿಗೆ. ಆದರೆ ಗುಂಡ್ಲುಪೇಟೆ ಕಡೆಯ ಹಳ್ಳಿಗಳಿಂದ ಬಂಡೀಪುರಕ್ಕೆ ಹಿಂಡುಗಟ್ಟಲೆ ದನ ಮೇಯೋಕೆ ಹೋಗ್ತಿದ್ದದ್ದು, ಆ ದನಗಳ ಗೊಬ್ಬರ ಲಾರಿಯಲ್ಲಿ ವಯನಾಡು, ಕೊಡಗಿನ ಕಾಫಿ ತೋಟಗಳಿಗೆ ಮಾರಾಟ ಆಗ್ತಿದ್ದದ್ದು, ಕಾಫಿ ಬೆಲೆ ಏರಿದಾಗ ಗೊಬ್ಬರದ ಬೇಡಿಕೆಯೂ ಏರಿದ್ದು, ಎಂ.ಡಿ. ಮಧುಸೂದನ್ ಅವರ 2005ರ ಅಧ್ಯಯನದಲ್ಲಿದೆ. ಗೊಬ್ಬರ ಮಾರಿದವರಿಗೆ ಊರಲ್ಲಿ ಮನೆ, ಪಟ್ಟಾ, ಓಟು, ಎಮ್ಮೆಲ್ಲೆ ಎಲ್ಲ ಇತ್ತು. ಅವರ ಅಹವಾಲು ಕೇಳೋಕೆ ಡಂಗೂರ ಬೇಕಾಗಿರಲಿಲ್ಲ.

ಅದೇ ರೀತಿ ರಸ್ತೆಯ ಕತೆ. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ ಸಂಚಾರ ನಿಷೇಧಿಸಿದರು, ಒಂದೇ ವಾರಕ್ಕೆ ಹಿಂತೆಗೆದರು, ಹೈಕೋರ್ಟು ಮತ್ತೆ ಜಾರಿಮಾಡಿತು, 2010ರ ಮಾರ್ಚಿನಲ್ಲಿ ಎತ್ತಿಹಿಡಿಯಿತು. ನಾನು ಆ ನಿಷೇಧದ ಪರವೇ. ಆದರೆ ಆ ಗಲಾಟೆ ನೆನೆಸಿಕೊಳ್ಳಿ. ಎರಡು ರಾಜ್ಯದ ಸರ್ಕಾರಗಳು, ಸುಪ್ರೀಂ ಕೋರ್ಟು, ಲಾರಿ ಮಾಲೀಕರು, ತರಕಾರಿ ವ್ಯಾಪಾರಿಗಳು, 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ... ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಕಾಡಿನ ಮೂಲಕ ಹೋಗಬೇಕಾದವನ ಮಾತು ಹದಿನೈದು ವರ್ಷ ದೇಶಕ್ಕೆಲ್ಲ ಕೇಳಿಸಿತು. ಹಗಲೂ ರಾತ್ರಿ ಅಲ್ಲೇ ಇದ್ದವನ ಮಾತು ಕೇಳಿಸೋಕೆ ಎಷ್ಟು ವರ್ಷ ಬೇಕಾಯಿತು ಅಂತ ಮೇಲೆ ಬರೆದಿದ್ದೀನಿ.

ಪಕ್ಕದ ನಾಗರಹೊಳೆಯಲ್ಲಿ ಇನ್ನೂ ಸೊಗಸು. ಪಾರ್ಕಿನೊಳಗೆ ಜನ ಇರಬಾರದು ಅನ್ನುತ್ತಿದ್ದ ಕಾಲದಲ್ಲೇ ಒಳಗೆ ಹೋಟೆಲಿಗೆ ಗುತ್ತಿಗೆ ಕೊಟ್ಟಿದ್ದರು. ಆದಿವಾಸಿಗಳ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಕೋರ್ಟಿಗೆ ಹೋಯಿತು, 1997ರಲ್ಲಿ ಕರ್ನಾಟಕ ಹೈಕೋರ್ಟು ಆ ಗುತ್ತಿಗೆ ಕಾನೂನಿಗೆ ವಿರುದ್ಧ ಅಂದಿತು. ಹೊರಗಿನ ಪ್ರಪಂಚದಲ್ಲೂ ಇದೇ ಹಾಡು. 1872ರಲ್ಲಿ ಶುರುವಾದ ಅಮೆರಿಕದ ಯೆಲ್ಲೋಸ್ಟೋನ್‌ನಿಂದ ಅಲ್ಲಿನ ಮೂಲನಿವಾಸಿಗಳನ್ನು ಹೊರಗೆ ಕಳಿಸಿದರು. ದಕ್ಷಿಣ ಆಫ್ರಿಕಾದ ಕ್ರೂಗರ್ ಪಾರ್ಕಿಗಾಗಿ 1969ರಲ್ಲಿ ಮಕುಲೆಕೆ ಜನರನ್ನು ಎಬ್ಬಿಸಿದ್ದರು, 1998ರಲ್ಲಿ ಅವರ ನೆಲ ಅವರಿಗೆ ವಾಪಸಾಯಿತು. ಅವರು ಅದನ್ನು ಪಾರ್ಕಾಗಿಯೇ ಉಳಿಸಿಕೊಂಡರು.

ಬೆಂಗಳೂರಿನಲ್ಲಿರೋ ಗೆಳೆಯರು ಇದೆಲ್ಲ ಕಾಡಿನ ಕತೆ ಅಂತ ನಿಟ್ಟುಸಿರು ಬಿಡಬೇಡಿ. ನಿಮ್ಮ ಬಡಾವಣೆಯ ಪಾರ್ಕಿನ ಗೇಟು ಎಷ್ಟು ಹೊತ್ತಿಗೆ ಮುಚ್ಚಬೇಕು, ಬೆಂಚಿಗೆ ನಡುವೆ ಕಬ್ಬಿಣದ ಕೈ ಇಡಬೇಕೋ ಬೇಡವೋ ಅಂತ ಯಾರನ್ನು ಕೇಳ್ತಾರೆ? ಸುತ್ತಲ ಮನೆ ಮಾಲೀಕರನ್ನು, ವಾಕಿಂಗ್ ಬರುವವರನ್ನು. ಆ ಬೆಂಚಿನ ಮೇಲೆ ಮಧ್ಯಾಹ್ನ ಮಲಗುವ ಗಾರೆ ಕೆಲಸದವನನ್ನು ಅಲ್ಲ. ಅವನಿಗೆ ವಿಳಾಸ ಇಲ್ಲ, ನೋಟಿಸ್ ಎಲ್ಲಿಗೆ ಕಳಿಸೋದು? ಒಂದು ಲಕ್ಷ ಜನಸಂಖ್ಯೆಗೆ ಒಂದಾದರೂ ರಾತ್ರಿ ತಂಗುದಾಣ ಬೇಕು ಅಂತ ಸುಪ್ರೀಂ ಕೋರ್ಟು 2010ರಲ್ಲಿ ಹೇಳಿತು. ಅದೇ ನಮ್ಮ ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯೂ ಇದೆ. ಮಲಗಿದವನು ಮೊದಲನೆಯದಕ್ಕೆ ಸೇರಿದವನೋ ಎರಡನೆಯದಕ್ಕೋ ಅಂತ ತೀರ್ಮಾನ ಮಾಡೋನು ಎಬ್ಬಿಸೋಕೆ ಬಂದವನು.

ನಮ್ಮೂರಿಗೇ ಬಂದರೆ, ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ ಅಂತ ಆಗಿದೆ. ಕೈಗಾರಿಕೆಗೆ ಜಮೀನು ತಗೊಳ್ಳೋದು 1966ರ ಕಾಯ್ದೆಯ ಪ್ರಕಾರ. ಜಮೀನಿನ ಮಾಲೀಕನಿಗೂ ಹಿತಾಸಕ್ತಿ ಇರುವವರಿಗೂ ನೋಟಿಸ್ ಕೊಟ್ಟು ಅಹವಾಲು ಕೇಳಬೇಕು ಅಂತ ಅದರ 28ನೇ ಕಲಂನಲ್ಲಿದೆ. ಕಲಂ ಓದಿದಾಗ ನನಗೆ ಹೊಳೆದದ್ದು, ಪಹಣಿಯಲ್ಲಿ ಹೆಸರಿಲ್ಲದ ಕೂಲಿಯವರು, ಅದೇ ಹೊಲದ ಬದುವಿನಲ್ಲಿ ಕುರಿ ಮೇಯಿಸ್ತಿದ್ದವರು 'ಹಿತಾಸಕ್ತಿ' ಅನ್ನೋ ಶಬ್ದದೊಳಗೆ ಹಿಡಿಸುತ್ತಾರಾ? ನೋಟಿಸು ಪಹಣಿ ನೋಡಿಕೊಂಡು ಹೋಗುತ್ತೆ. ಕಾಡಿನಲ್ಲಿ ಸೋಲಿಗ, ಬಯಲಲ್ಲಿ ಆಳು.

ದೊಡ್ಡ ಯೋಜನೆಗಳ ಪರಿಸರ ಅಹವಾಲು ಸಭೆಯ ನಿಯಮ 2006ರದ್ದು. ಅದರಲ್ಲಿ ಒಂದು ಸಾಲು ಓದಿ ನಗು ಬಂತು. ಪತ್ರಿಕೆ ತಲುಪದ ಕಡೆ ಡಂಗೂರ ಹೊಡೆಸಿ ತಿಳಿಸಬೇಕಂತೆ! ಆ ಸಭೆಗೆ ಕೋರಂ ಇಲ್ಲ. ಹತ್ತು ಜನ ಬಂದರೂ ಸಭೆಯೇ. ಪೋಡಿನ ಗ್ರಾಮಸಭೆಗೆ ಅರ್ಧ ಊರು ಬರಬೇಕು, ಇಲ್ಲಿ ಯಾರೂ ಲೆಕ್ಕ ಹಾಕಲ್ಲ. ಎರಡೂ 'ಸಾರ್ವಜನಿಕರನ್ನು ಕೇಳಿದೆವು' ಅಂತಲೇ ಕಡತಕ್ಕೆ ಹೋಗುತ್ತವೆ. 2020ರಲ್ಲಿ ಈ ನಿಯಮವನ್ನೇ ಬದಲಿಸಲು ಕರಡು ಬಂದಾಗ ಅದು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಇತ್ತು. ದೆಹಲಿ ಹೈಕೋರ್ಟು ಬೇರೆ ಭಾಷೆಗಳಿಗೂ ಅನುವಾದಿಸಿ ಅಂದಿತು. ಕನ್ನಡದಲ್ಲಿ ಕೊಡದೆ ಕನ್ನಡಿಗರ ಅಭಿಪ್ರಾಯ ಹೇಗೆ ಕೇಳಿದಿರಿ ಅನ್ನೋ ಪ್ರಶ್ನೆ ನಮ್ಮ ಹೈಕೋರ್ಟಿಗೂ ಬಂತು, ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆಗೆ ತಾತ್ಕಾಲಿಕ ತಡೆ ಬಿತ್ತು. ಕನ್ನಡದಲ್ಲಿ ಬರೆಯೋ ನಮ್ಮಂಥವರಿಗೆ ಖುಷಿಯ ಸುದ್ದಿ. ಖುಷಿಪಟ್ಟ ಮೇಲೆ ನೆನಪಾಯಿತು: ಸೋಲಿಗರು ಮನೆಯಲ್ಲಿ ಆಡೋದು ಸೋಲಿಗ ನುಡಿ. "ಸದರಿ", "ತತ್ಸಂಬಂಧ", "ಹಕ್ಕುಬಾಧ್ಯತೆ" ಇರೋ ಕಚೇರಿ ಕನ್ನಡ ನನಗೇ ಅರ್ಥ ಆಗೋದಿಲ್ಲ, ಅವರಿಗೆ ನಾವೂ ಒಂದು ದೆಹಲಿಯೇ.

ಕತೆ ಮುಗಿದಿಲ್ಲ. ಫೆಬ್ರವರಿ 2019ರಲ್ಲಿ ಸುಪ್ರೀಂ ಕೋರ್ಟು, ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರವಾದವರನ್ನು ಹೊರಹಾಕಿ ಅಂತ ಆದೇಶ ಕೊಟ್ಟಿತು. ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಅರ್ಜಿಗಳ ಮಾತು ಅದು. ಎರಡು ವಾರದಲ್ಲಿ ತಾನೇ ಅದನ್ನು ತಡೆಹಿಡಿಯಿತು, ತಿರಸ್ಕಾರ ಮಾಡುವಾಗ ಸರಿಯಾದ ಕ್ರಮ ಅನುಸರಿಸಿದ್ದಾರಾ ಅಂತ ರಾಜ್ಯಗಳನ್ನು ಕೇಳಿತು. ಜೂನ್ 2024ರಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ರಾಜ್ಯಗಳಿಗೆ ಪತ್ರ ಬರೆದು, ಹುಲಿ ಮೀಸಲುಗಳ ಕೋರ್ ಒಳಗೆ ಇನ್ನೂ 591 ಹಳ್ಳಿ, 64,801 ಕುಟುಂಬಗಳಿವೆ, ಸ್ಥಳಾಂತರಕ್ಕೆ ಆದ್ಯತೆ ಕೊಡಿ ಅಂದಿತು. ಅಂಕಿ ಎಷ್ಟು ಖಚಿತವಾಗಿದೆ ನೋಡಿ, ಕೊನೆಯ ಒಂದು ಕುಟುಂಬದವರೆಗೆ. ಎಣಿಸೋಕೆ ಹೋದವರಿಗೆ ದಾರಿ ಸಿಕ್ಕಿದೆ.

ಇದನ್ನೆಲ್ಲ ಮಾವನಿಗೆ ಹೇಳಿದೆ. ಅವರು ಜಗುಲಿಯ ಮೇಲೆ ಎಲೆ ಅಡಿಕೆ ಹಾಕ್ಕೊಂಡು ಪೂರ್ತಿ ಕೇಳಿದರು. "ಮತ್ತ ನೀವ್ಯಾಕ ಮಾವ ಹಂಗ ಬರುದ್ರಿ?" ಅಂದೆ, ಮೆಲ್ಲಗೆ.

"ಸಾಹೇಬ್ರು ಬರಿ ಅಂದ್ರು, ಬರ್ದೆ ಕನ ಮಗ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಮೇಲ ಆರ್ ತಿಂಗ್ಳು ಬುಟ್ಟು ಒಂದ್ಸಲ ಮ್ಯಾಕ ಹೋಗಿದ್ದಿ. ಮುದ್ಕ ಒಬ್ಬ, ನಮ್ಗ ಯಾರೂ ಹೇಳ್ನಿಲ್ಲ ಬುದ್ಧಿ ಅಂದ. ತಮಟ ಹೊಡ್ಸಿದ್ವಲ್ಲ, ನೀನು ಕೇಳುಸ್ಕೊಂಡಿಲ್ಲ ಅಂತ ನಾನೇ ಅವನ್ನ ಬೈದ್ಬುಟ್ಟಿ."

ಅಷ್ಟು ಹೇಳಿ ಎದ್ದು, ಬಾಯಿ ತೊಳೆಯೋಕೆ ಹಿತ್ತಲಿಗೆ ಹೋದರು.